ರಿಫ್ರ್ಯಾಕ್ಷನ್ ಸರ್ವೆ: ಟೈಮ್-ಟರ್ಮ್ 10.8 ಮೀಟರ್ ಎನ್ನುತ್ತದೆ, ಟೊಮೊಗ್ರಫಿ 14 ಮೀಟರ್ ಎನ್ನುತ್ತದೆ. ವರದಿಯಲ್ಲಿ ಯಾವುದನ್ನು ಬರೆಯಬೇಕು?

ಎರೆಹೊಲ (ಕೊಪ್ಪಳ) — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗಂಗಾವತಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನೊಳಗೆ ಹರಿಯುವ ಹಳ್ಳವೊಂದಕ್ಕೆ ಸಣ್ಣ ಸೇತುವೆ ಕಟ್ಟಲಿದ್ದಾರೆ. ಅದರ ಬುನಾದಿಗೆ ಗಟ್ಟಿ ಬಂಡೆ ಎಷ್ಟು ಆಳದಲ್ಲಿ ಸಿಗುತ್ತದೆ ಎಂದು ತಿಳಿಯಲು ಸೈಸ್ಮಿಕ್ ರಿಫ್ರ್ಯಾಕ್ಷನ್ ಸರ್ವೆ (ನೆಲಕ್ಕೆ ಹೊಡೆದು, ಕೆಳಗಿನ ಪದರಗಳಲ್ಲಿ ಬಾಗಿ ಬರುವ ಅಲೆಗಳ ಸಮಯದಿಂದ ಆಳ ಲೆಕ್ಕ ಹಾಕುವುದು) ಮಾಡಿದ್ದೇವೆ. 24 ಚಾನೆಲ್ ಯಂತ್ರ, 14 ಹರ್ಟ್ಸ್ ಜಿಯೋಫೋನು (ನೆಲದ ಕಂಪನ ಹಿಡಿಯುವ ಸಂವೇದಕ), ಜಿಯೋಫೋನುಗಳ ನಡುವೆ 5 ಮೀಟರ್ ಅಂತರ, ಅಂದರೆ ಒಟ್ಟು 115 ಮೀಟರ್ ಸಾಲು. 8 ಕಿಲೋ ಸುತ್ತಿಗೆಯಿಂದ ಕಬ್ಬಿಣದ ತಟ್ಟೆಯ ಮೇಲೆ ಹೊಡೆದು, ಸಾಲಿನ ಎರಡು ತುದಿಗಳಲ್ಲಿ, ನಡುವೆ ಮೂರು ಕಡೆ ಮತ್ತು ಎರಡೂ ತುದಿಗಳಿಂದ 30 ಮೀಟರ್ ಆಚೆಗೆ ಒಂದೊಂದು ಶಾಟ್ ತೆಗೆದುಕೊಂಡಿದ್ದೇವೆ. ರೆಕಾರ್ಡ್ ಉದ್ದ 0.25 ಸೆಕೆಂಡು, ಸ್ಯಾಂಪಲ್ ಅಂತರ 0.25 ಮಿಲಿಸೆಕೆಂಡು.

ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕೊಳೆತ ಗ್ರಾನೈಟ್, ತಳದಲ್ಲಿ ಗಟ್ಟಿ ಗ್ರಾನೈಟ್ ಎಂಬುದು ಆ ಭಾಗದ ಸಾಮಾನ್ಯ ಕ್ರಮ. ಪಿಕ್‌ವಿನ್ ಸಾಫ್ಟ್‌ವೇರಿನಲ್ಲಿ ಫಸ್ಟ್ ಬ್ರೇಕ್‌ಗಳನ್ನು (ಪ್ರತಿ ಜಿಯೋಫೋನಿಗೆ ಮೊದಲ ಅಲೆ ಬಂದ ಕ್ಷಣ; ಈ ಗುರುತುಗಳೇ ಪಿಕ್‌ಗಳು) ಗುರುತಿಸಿ ಪ್ಲಾಟ್‌ರೆಫಾದಲ್ಲಿ ಟೈಮ್-ಟರ್ಮ್ ಇನ್ವರ್ಷನ್ (ನೆಲವನ್ನು ಕೆಲವೇ ಪದರಗಳೆಂದು ಭಾವಿಸಿ, ಆ ಸಮಯಗಳಿಂದ ವೇಗ, ದಪ್ಪ ಹುಡುಕುವ ಲೆಕ್ಕ) ನಡೆಸಿದಾಗ ಮೂರು ಪದರಗಳು ಬಂದವು. ಸೆಕೆಂಡಿಗೆ 600 ಮೀಟರ್ ವೇಗದ ಮೊದಲ ಪದರ 3.9 ಮೀಟರ್ ದಪ್ಪ, 1600 ಮೀಟರ್ ವೇಗದ ಎರಡನೆಯದು 6.9 ಮೀಟರ್ ದಪ್ಪ, ಅದರ ಕೆಳಗೆ 4200 ಮೀಟರ್ ವೇಗದ ಬಂಡೆ. ಹೀಗೆ ಬಂಡೆಯ ಆಳ 10.8 ಮೀಟರ್ ಆಗುತ್ತದೆ. ಅದೇ ಪಿಕ್‌ಗಳಿಗೆ ಟೊಮೊಗ್ರಫಿ (ನೆಲವನ್ನು ಸಣ್ಣ ಕೋಶಗಳಾಗಿ ಒಡೆದು ಪ್ರತಿಯೊಂದರ ವೇಗ ಹುಡುಕುವ ಲೆಕ್ಕ) ನಡೆಸಿದರೆ ವೇಗವು ಮೇಲಿನಿಂದ ಕೆಳಕ್ಕೆ ನಯವಾಗಿ ಏರುತ್ತ ಹೋಗಿ, 4000ದ ಕಾಂಟೂರ್ (ಒಂದೇ ವೇಗದ ಬಿಂದುಗಳನ್ನು ಸೇರಿಸುವ ಗೆರೆ) 14 ಮೀಟರ್ ಆಳದಲ್ಲಿ ಬೀಳುತ್ತದೆ. ಆರ್‌ಎಂಎಸ್ ದೋಷ (ಅಳೆದ ಸಮಯಕ್ಕೂ ಮಾದರಿಯ ಸಮಯಕ್ಕೂ ಇರುವ ಸರಾಸರಿ ಅಂತರ) ಮೊದಲನೆಯದಕ್ಕೆ 2.9 ಮಿಲಿಸೆಕೆಂಡು, ಎರಡನೆಯದಕ್ಕೆ 0.8.

ಸಾಲಿನ ಪಕ್ಕದಲ್ಲೇ ಎರಡು ಬೋರ್‌ಹೋಲ್‌ಗಳಿವೆ. ಮೊದಲನೆಯದರಲ್ಲಿ 2.4 ಮೀಟರಿನವರೆಗೆ ಎರೆಮಣ್ಣು, 7.5ರವರೆಗೆ ತೇವದ ಗರಸು, 11.5ರವರೆಗೆ ಕೋರ್ (ಕೊರೆದು ತೆಗೆಯುವ ಕಲ್ಲಿನ ತುಂಡು) ಸರಿಯಾಗಿ ಸಿಗದ ಕೊಳೆತ ಗ್ರಾನೈಟ್, ಆಮೇಲೆ ಗಟ್ಟಿ ಬಂಡೆ. ಎರಡನೆಯದರಲ್ಲಿ 6 ಮೀಟರಿಗೇ ಗಟ್ಟಿ ಕಲ್ಲು ಬಂದು, ಅದರಲ್ಲಿ ಒಂದೂವರೆ ಮೀಟರ್ ಕೊರೆದು ‘ರಾಕ್ ಸಿಕ್ಕಿತು’ ಎಂದು ನಿಲ್ಲಿಸಿದ್ದಾರೆ. ಆದರೆ ಆ ಜಾಗದಲ್ಲಿ ನಮ್ಮ ಎರಡೂ ಚಿತ್ರಗಳಲ್ಲಿ ಯಾವ ವಿಶೇಷವೂ ಕಾಣುವುದಿಲ್ಲ.

ಮೊದಲ ಬೋರ್‌ಹೋಲಿಗೆ 10.8 ಹತ್ತಿರವಿರುವುದರಿಂದ ಟೈಮ್-ಟರ್ಮ್ ಫಲಿತಾಂಶವನ್ನೇ ವರದಿಗೆ ಹಾಕಬಹುದೇ? ಆರ್‌ಎಂಎಸ್ ಕಡಿಮೆಯಿರುವ ಟೊಮೊಗ್ರಫಿಯನ್ನು ಬಿಡುವುದಕ್ಕೆ ಏನು ಕಾರಣ ಕೊಡಬೇಕು? ಎಂಜಿನಿಯರ್ ಸಾಹೇಬರು ಒಂದೇ ಅಂಕಿ ಕೇಳುತ್ತಿದ್ದಾರೆ.


ಹಗರಿ ದಂಡೆ (ಬಳ್ಳಾರಿ) — ಉತ್ತರ

ವಿವರಗಳನ್ನು ಇಷ್ಟು ಸ್ಪಷ್ಟವಾಗಿ ಕೊಟ್ಟು ಪ್ರಶ್ನೆ ಕೇಳುವವರು ಕಡಿಮೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ 10.8 ಬೋರ್‌ಹೋಲಿಗೆ ಹತ್ತಿರ ಬಂದಿರುವುದು ಎರಡು ತಪ್ಪುಗಳು ಎದುರು ಬದುರಾಗಿ ಒಂದನ್ನೊಂದು ಸರಿದೂಗಿಸಿರುವುದರಿಂದ. ಬೋರ್‌ಹೋಲ್ ಇಲ್ಲದ ಕಡೆ ಅವು ಹಾಗೆಯೇ ಸರಿದೂಗುತ್ತವೆ ಎಂಬ ಭರವಸೆ ಇಲ್ಲ.

ಮೊದಲ ತಪ್ಪು ಮೇಲಿನ ಪದರದ ವೇಗದಲ್ಲಿದೆ. ಒಣಗಿದ ಎರೆಮಣ್ಣಿಗೆ 600 ಮೀಟರ್ ವೇಗ ಹೆಚ್ಚೇ ಆಯಿತು. ನಮ್ಮ ಕಡೆಯ ಬಿರುಕುಬಿಟ್ಟ ಎರೆಯಲ್ಲಿ 350ರಿಂದ 450ರೊಳಗೆ ಸಿಗುವುದೇ ಹೆಚ್ಚು. ವೇಗ 400 ಎಂದಿಟ್ಟುಕೊಂಡು, ಎರಡನೆಯ ಪದರದ ಇಂಟರ್‌ಸೆಪ್ಟ್ ಸಮಯ (ಆ ಪದರದ ಅಲೆಯ ಗೆರೆಯನ್ನು ಶಾಟ್ ಬಿಂದುವಿನವರೆಗೆ ಹಿಂದಕ್ಕೆ ಎಳೆದರೆ ಸಿಗುವ ಸಮಯ) 12 ಮಿಲಿಸೆಕೆಂಡು ಎಂದರೆ (ನಿಮ್ಮ 600, 1600 ಮತ್ತು 3.9 ಮೀಟರಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅದೇ ಬರುತ್ತದೆ), ಪದರದ ದಪ್ಪ 2.5 ಮೀಟರ್ ಆಗುತ್ತದೆ. ಆಗ ನೇರ ಅಲೆಯನ್ನು ವಕ್ರೀಭವಿಸಿದ ಅಲೆ ಹಿಂದೆ ಹಾಕುವ ಕ್ರಾಸ್‌ಓವರ್ ದೂರ ಬರೀ ಆರೂವರೆ ಮೀಟರ್. ಜಿಯೋಫೋನುಗಳು 5 ಮೀಟರಿಗೊಂದರಂತೆ ಇರುವಾಗ ಆ ಆರೂವರೆ ಮೀಟರಿನೊಳಗೆ ಬೀಳುವುದು ಒಂದೇ ಒಂದು ಜಿಯೋಫೋನು. ಎರಡನೆಯದರಲ್ಲಿ ಮೊದಲು ಬಂದಿರುವುದು ಆಗಲೇ ಕೆಳಗಿನ ಪದರದ ಅಲೆ. ಆ ಎರಡು ಬಿಂದುಗಳನ್ನು ಸೇರಿಸಿ ಗೆರೆ ಎಳೆದರೆ ಎರಡು ಪದರಗಳ ವೇಗಗಳು ಕಲಬೆರಕೆಯಾಗಿ 600ರಂಥ ಅಂಕಿ ಹುಟ್ಟುತ್ತದೆ. ಸಾಫ್ಟ್‌ವೇರಿನಲ್ಲಿ ದೋಷವಿಲ್ಲ, ಯಾವ ಬಿಂದು ಯಾವ ಪದರಕ್ಕೆ ಸೇರಿದ್ದು ಎಂದು ನಾವು ಹೇಳಿದ್ದನ್ನೇ ಅದು ನಂಬುತ್ತದೆ. 600ರ ಬದಲು 400 ಇಟ್ಟು ಅದೇ ಸಮಯಗಳಿಗೆ ಮತ್ತೆ ಲೆಕ್ಕ ಹಾಕಿ ನೋಡಿ: ಮೊದಲ ಪದರ 3.9ರಿಂದ 2.5ಕ್ಕೆ ಇಳಿಯುತ್ತದೆ, ಎರಡನೆಯದು 7.2ಕ್ಕೆ ಏರುತ್ತದೆ, ಬಂಡೆಯ ಆಳ 10.8ರಿಂದ 9.7ಕ್ಕೆ ಬರುತ್ತದೆ.

ಈಗ ನೀವು ‘ಹಾಗಾದರೆ ಬೋರ್‌ಹೋಲಿನಿಂದ ಇನ್ನೂ ದೂರವಾಯಿತಲ್ಲ’ ಎನ್ನುತ್ತೀರಿ. ಅಲ್ಲಿಗೇ ಎರಡನೆಯ ಸಂಗತಿ ಬರುತ್ತದೆ. ನಿಮ್ಮ ಬೋರ್‌ಹೋಲ್ ವಿವರದಲ್ಲಿ 7.5ರಿಂದ 11.5ರವರೆಗೆ ಕೊಳೆತ ಗ್ರಾನೈಟ್ ಇದೆ. ಸೈಸ್ಮಿಕ್ ಮಾದರಿಯಲ್ಲಿ ಅದು ಇಲ್ಲ. ಅಂಥ ಶಿಲೆಯ ವೇಗ ಸುಮಾರು 2500 ಎಂದು ಇಟ್ಟುಕೊಳ್ಳೋಣ. ಮೇಲೆ 2.5 ಮೀಟರ್ ಎರೆ, 5 ಮೀಟರ್ ಗರಸು, ಅದರ ಕೆಳಗೆ ಈ ಪದರ, ತಳದಲ್ಲಿ 4200ರ ಬಂಡೆ. ಈ ನಾಲ್ಕು ಪದರಗಳಿಗೆ ಪ್ರಯಾಣ ಕಾಲದ ಗೆರೆಗಳನ್ನು ಎಳೆದರೆ, ಕೊಳೆತ ಪದರದ ಅಲೆ ಗರಸಿನ ಅಲೆಯನ್ನು ಹಿಂದೆ ಹಾಕುವುದು ಸುಮಾರು 22 ಮೀಟರ್ ದೂರದಲ್ಲಿ, 26 ಮಿಲಿಸೆಕೆಂಡಿನ ಹೊತ್ತಿಗೆ. ಆದರೆ ಕೊಳೆತ ಪದರದ ದಪ್ಪ 4 ಮೀಟರಿಗಿಂತ ಕಡಿಮೆಯಿದ್ದರೆ ಅಷ್ಟರೊಳಗೆ ಗಟ್ಟಿ ಬಂಡೆಯ ಅಲೆ ಅಲ್ಲಿಗೆ ಬಂದು ಮುಟ್ಟಿರುತ್ತದೆ. ಆದ್ದರಿಂದ 4 ಮೀಟರ್ ದಪ್ಪದವರೆಗಿನ ಕೊಳೆತ ಶಿಲೆ ಯಾವ ಜಿಯೋಫೋನಿನಲ್ಲೂ ಮೊದಲ ಆಗಮನವಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಅಡಗಿದ ಪದರ ಎಂದು ಪಠ್ಯಗಳಲ್ಲಿ ಒಂದು ಪ್ಯಾರಾದಲ್ಲಿ ಮುಗಿಸಿಬಿಡುವ ವಿಷಯ ಇದೇ. ಅದನ್ನು ಬಿಟ್ಟು ಮೂರೇ ಪದರ ಎಂದು ಲೆಕ್ಕ ಹಾಕಿದರೆ, ನಿಜವಾಗಿ 11.5 ಮೀಟರಿನಲ್ಲಿರುವ ಬಂಡೆ 9.7 ಮೀಟರಿನಲ್ಲಿದೆ ಎಂದು ತೋರುತ್ತದೆ. ಮೊದಲ ಪದರದ ವೇಗ ಹೆಚ್ಚಾದದ್ದರಿಂದ ಒಂದು ಮೀಟರಿನಷ್ಟು ಕೆಳಕ್ಕೆ, ಅಡಗಿದ ಪದರದಿಂದ ಸುಮಾರು 1.8 ಮೀಟರ್ ಮೇಲಕ್ಕೆ ಜಗ್ಗಿ ನಿಮ್ಮ 10.8 ಬಂದಿದೆ.

ಇದಕ್ಕೆ ಹೊಸ ಸಾಫ್ಟ್‌ವೇರ್ ಪರಿಹಾರವಲ್ಲ. ಸಾಲಿನ ಎರಡೂ ಕಡೆ, ಶಾಟ್ ಬಿಂದುವಿನಿಂದ 1 ಮೀಟರಿಗೊಂದರಂತೆ 10–12 ಜಿಯೋಫೋನುಗಳನ್ನು ಹೂತು ಚಿಕ್ಕ ಸಾಲೊಂದನ್ನು ತೆಗೆದುಕೊಳ್ಳಿ. ಅದರಿಂದ ಮೇಲಿನ ಪದರದ ವೇಗ ಖಚಿತವಾಗುತ್ತದೆ. ಅಲ್ಲಿ ಒಂದು ಎಚ್ಚರ ಬೇಕು. ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 355 ಮೀಟರ್, ಒಣ ಎರೆಯ ವೇಗವೂ ಅದರ ಅಕ್ಕಪಕ್ಕದಲ್ಲೇ ಇದೆ. ತಟ್ಟೆಗೆ ಸುತ್ತಿಗೆ ಬಿದ್ದ ಸದ್ದು ಗಾಳಿಯಲ್ಲಿ ಬಂದು ಜಿಯೋಫೋನಿಗೆ ತಾಗುವುದನ್ನೇ ಮಣ್ಣಿನ ಅಲೆ ಎಂದು ಗುರುತಿಸುವ ಸಾಧ್ಯತೆ ಈ ನೆಲದಲ್ಲಿ ಬೇರೆಡೆಗಿಂತ ಹೆಚ್ಚು. ಗಾಳಿಯ ಅಲೆ ಚೂಪಾಗಿ, ಹೆಚ್ಚು ಆವರ್ತನದಲ್ಲಿ ಬರುತ್ತದೆ. ಜಿಯೋಫೋನಿನ ಮೊಳೆ ಬಿರುಕಿನಲ್ಲಿ ಇಳಿಯದೆ ಗಟ್ಟಿ ಹೆಂಟೆಯಲ್ಲಿ ಇಳಿದಿದ್ದರೆ, ಅದರ ಮೇಲೆ ಒಂದು ಹಿಡಿ ಮಣ್ಣು ಮುಚ್ಚಿದ್ದರೆ, ಆ ಗಾಳಿಯ ಅಲೆಯ ಬಲವೂ ಕುಗ್ಗುತ್ತದೆ.

ಇನ್ನೊಂದು ಮಾತು. ನಿಮ್ಮ ಎರಡನೆಯ ಪದರದ 1600 ಮೀಟರ್ ವೇಗ ಗರಸಿನದೋ ನೀರಿನದೋ? ನೀರಿನಲ್ಲಿ ಪಿ-ಅಲೆಯ (ಈ ಸರ್ವೆ ಅಳೆಯುವ ಒತ್ತಡದ ಅಲೆಯ) ವೇಗ ಸುಮಾರು 1500. ಕಾಲುವೆ ನೀರಿನ ಗದ್ದೆಗಳ ನಡುವೆ ನೀರಿನ ಮಟ್ಟ ಎರಡು ಮೂರು ಮೀಟರಿನಲ್ಲಿ ಇರುವುದು ಸಾಮಾನ್ಯ, ಮತ್ತು ನೀರು ತುಂಬಿದ ಮೇಲೆ ಮರಳಾಗಲಿ ಗರಸಾಗಲಿ ಎಲ್ಲವೂ 1500–1800 ಎಂದೇ ತೋರುತ್ತವೆ. ಹತ್ತಿರದ ತೆರೆದ ಬಾವಿಯಲ್ಲಿ ನೀರಿನ ಮಟ್ಟ ಅಳೆದು ನಿಮ್ಮ ಮೊದಲ ಗಡಿಯ ಆಳದೊಂದಿಗೆ ಹೋಲಿಸಿ. ಎರಡೂ ಒಂದೇ ಆದರೆ ವರದಿಯಲ್ಲಿ ಆ ಗಡಿಯನ್ನು ‘ಕೊಳೆತ ಶಿಲೆಯ ಮೇಲ್ಮೈ’ ಎಂದು ಬರೆಯಬೇಡಿ. ಬರೆದವರನ್ನು ಬಹಳ ನೋಡಿದ್ದೇನೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದ ಮೇಲೆ ಅದೇ ಸಾಲನ್ನು ಮತ್ತೆ ತೆಗೆದರೆ ಆ ಗಡಿ ಕೆಳಗಿಳಿದಿರುವುದನ್ನು ನೀವೇ ಕಾಣಬಹುದು. ಬಂಡೆಯ ಗಡಿ ಎಲ್ಲಿದೆಯೋ ಅಲ್ಲೇ ಇರುತ್ತದೆ.

ಎರಡನೆಯ ಬೋರ್‌ಹೋಲಿನ ಕಲ್ಲು ನನಗೆ ಬಂಡೆ ಅನ್ನಿಸುವುದಿಲ್ಲ, ಗುಂಡು ಅನ್ನಿಸುತ್ತದೆ. ಆನೆಗೊಂದಿಯ ಬೆಟ್ಟಗಳಲ್ಲಿ ಮೇಲೆ ಕಾಣುವ ಗುಂಡುಗಳಂಥವೇ ಇನ್ನೂ ಹೊರಗೆ ಬಾರದೆ ಗರಸಿನೊಳಗೆ ಹುದುಗಿರುತ್ತವೆ. 1600 ಮೀಟರ್ ವೇಗದ ಪದರದಲ್ಲಿ 60 ಹರ್ಟ್ಸ್ ಅಲೆಯ ಉದ್ದ ಸುಮಾರು 27 ಮೀಟರ್. ಎರಡು ಮೀಟರ್ ಅಗಲದ ಗುಂಡು ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೀಗಾಗಿ ನಿಮ್ಮ ಚಿತ್ರಗಳಲ್ಲಿ ಏನೂ ಕಾಣದಿರುವುದು ಸಹಜ. ಗ್ರಾನೈಟ್ ಗುಂಡುಗಳ ನೆಲದಲ್ಲಿ ಒಂದೂವರೆ ಮೀಟರ್ ಕೊರೆದು ಬಂಡೆ ಎಂದು ಘೋಷಿಸುವುದನ್ನು ನಾನು ಒಪ್ಪುವುದಿಲ್ಲ. ಕನಿಷ್ಠ ಐದು ಮೀಟರ್ ಗಟ್ಟಿ ಕೋರ್ ನೋಡಿದ ಮೇಲೆ ಮಾತಾಡಬೇಕು.


ಮಸ್ಕಿ ಗುಡ್ಡ (ರಾಯಚೂರು) — ಉತ್ತರ

ಹಗರಿ ದಂಡೆಯವರ ಲೆಕ್ಕ ಸರಿಯಾಗಿದೆ, ಆದರೆ ಅದನ್ನು ಓದಿ ಟೊಮೊಗ್ರಫಿಯನ್ನು ಪಕ್ಕಕ್ಕಿಡುವುದು ಬೇಡ. ಪದರಗಳ ವಿಧಾನ ಒಂದು ಊಹೆಯ ಮೇಲೆ ನಿಂತಿದೆ: ಪ್ರತಿ ಪದರದೊಳಗೆ ವೇಗ ಒಂದೇ, ಗಡಿಯಲ್ಲಿ ತಟ್ಟನೆ ಬದಲು. ಲಿಂಗಸುಗೂರು, ಮಸ್ಕಿ ಕಡೆಯ ಕಡಿದಾದ ಶಿಸ್ಟ್ ಶಿಲೆಗಳಲ್ಲಿ, ಅಥವಾ ಸಾಲಿಗೆ ಅಡ್ಡವಾಗಿ ಡಾಲರೈಟ್ ಡೈಕ್ (ಬೇರೆ ಶಿಲೆಯನ್ನು ಸೀಳಿ ಗೋಡೆಯಂತೆ ನಿಂತ ಕಪ್ಪು ಶಿಲೆ) ಹಾದುಹೋಗಿರುವಲ್ಲಿ, ಆ ಊಹೆ ನಿಲ್ಲುವುದಿಲ್ಲ; ಅಲ್ಲಿ ಟೊಮೊಗ್ರಫಿಯೇ ಆಸರೆ. ನಿಮ್ಮ ಜಾಗದಲ್ಲಿ ಊಹೆ ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಇನ್ವರ್ಷನ್‌ಗೆ ಮೊದಲೇ, ಪಿಕ್‌ಗಳಿಂದಲೇ ಪರೀಕ್ಷಿಸಬಹುದು.

ಒಂದು ತುದಿಯಲ್ಲಿ ಹೊಡೆದ ಶಾಟ್ ಮತ್ತು ಅದೇ ಕಡೆಯಿಂದ 30 ಮೀಟರ್ ಆಚೆ ಹೊಡೆದ ಶಾಟ್, ಈ ಎರಡರ ಪ್ರಯಾಣ ಕಾಲಗಳನ್ನು ತೆಗೆದುಕೊಂಡು ಪ್ರತಿ ಜಿಯೋಫೋನಿನಲ್ಲೂ ಒಂದರಿಂದ ಇನ್ನೊಂದನ್ನು ಕಳೆಯಿರಿ. ಎರಡೂ ಶಾಟ್‌ಗಳ ಅಲೆಗಳು ಒಂದೇ ಬಂಡೆಯ ಮೇಲ್ಮೈಯಲ್ಲಿ ಹರಿದು ಬಂದಿದ್ದರೆ, ಹತ್ತಿರದ ಜಿಯೋಫೋನುಗಳನ್ನು ಬಿಟ್ಟು ಉಳಿದೆಲ್ಲೆಡೆ ವ್ಯತ್ಯಾಸ ಒಂದೇ ಇರಬೇಕು. 4200 ಮೀಟರ್ ವೇಗಕ್ಕೆ 30 ಮೀಟರ್ ಎಂದರೆ 7 ಮಿಲಿಸೆಕೆಂಡಿನ ಆಸುಪಾಸು. ಗೆರೆಗಳು ಹೀಗೆ ಸಮಾಂತರವಾಗಿದ್ದರೆ ಪದರಗಳ ಮಾದರಿಗೆ ನೆಲ ಒಪ್ಪಿಗೆ ಕೊಟ್ಟಂತೆ. ದೂರ ಹೋದಂತೆ ವ್ಯತ್ಯಾಸ ಕುಗ್ಗುತ್ತ ಹೋದರೆ ಅಲೆ ಇನ್ನೂ ಆಳಕ್ಕೆ ಇಳಿದು ಹೆಚ್ಚಿನ ವೇಗ ಹಿಡಿದಿದೆ ಎಂದರ್ಥ. ಆಗ ವೇಗ ಕ್ರಮೇಣ ಏರುವ ಮಾದರಿಯೇ ಸರಿ. ಬಣ್ಣದ ಚಿತ್ರಗಳನ್ನು ನೋಡುತ್ತ ಕೂರುವುದಕ್ಕಿಂತ ಈ ಒಂದು ಕಳೆಯುವ ಲೆಕ್ಕ ಹೆಚ್ಚು ಹೇಳುತ್ತದೆ. ಸಮಾಂತರ ಭಾಗ ಸಿಕ್ಕಿದರೆ 1959ರಲ್ಲಿ ಹಾಗೆಡೂರ್ನ್ ಕೊಟ್ಟ ಪ್ಲಸ್-ಮೈನಸ್ ವಿಧಾನದಿಂದ ಪ್ರತಿ ಜಿಯೋಫೋನಿನ ಕೆಳಗಿನ ಆಳವನ್ನು ಹಾಳೆಯ ಮೇಲೆಯೇ ತೆಗೆಯಬಹುದು. ಬಂಡೆಯ ಮೇಲ್ಮೈ ಬಹಳ ಏರಿಳಿತದ್ದಾದರೆ ಪಾಮರ್ 1980ರಲ್ಲಿ ವಿವರಿಸಿದ ಜನರಲೈಸ್ಡ್ ರೆಸಿಪ್ರೊಕಲ್ ವಿಧಾನ ಇದೆ.

ಆರ್‌ಎಂಎಸ್ ಬಗ್ಗೆ: ಮೊದಲ ಶಾಟಿನಿಂದ ಕೊನೆಯ ಜಿಯೋಫೋನಿಗೆ ತಗಲಿದ ಸಮಯ ಮತ್ತು ಅಲ್ಲಿಂದ ತಿರುಗಿ ಹೊಡೆದಾಗ ಮೊದಲ ಜಿಯೋಫೋನಿಗೆ ತಗಲಿದ ಸಮಯ ಒಂದೇ ಇರಬೇಕು. ನಿಮ್ಮ ಪಿಕ್‌ಗಳಲ್ಲಿ ಈ ಎರಡರ ನಡುವೆ ಎಷ್ಟು ಅಂತರವಿದೆ? ಸುತ್ತಿಗೆಯ ಸರ್ವೆಯಲ್ಲಿ ದೂರದ ಜಿಯೋಫೋನುಗಳಿಗೆ ಒಂದೂವರೆಯಿಂದ ಎರಡು ಮಿಲಿಸೆಕೆಂಡು ಅಂತರ ಇರುವುದು ಮಾಮೂಲು. ಅಳತೆಯಲ್ಲೇ ಅಷ್ಟು ಅನಿಶ್ಚಯವಿರುವಾಗ ಮಾದರಿ 0.8ಕ್ಕೆ ಹೊಂದಿಕೊಂಡಿದೆ ಎಂದರೆ, ಅದು ನೆಲದ ಜೊತೆಗೆ ಪಿಕಿಂಗಿನ ಅಲುಗಾಟವನ್ನೂ ನೆಲವೆಂದೇ ಬಗೆದು ಚಿತ್ರ ಬಿಡಿಸಿದೆ. ಇಟರೇಷನ್‌ಗಳನ್ನು (ಮಾದರಿಯನ್ನು ಮತ್ತೆ ಮತ್ತೆ ತಿದ್ದುವ ಸುತ್ತುಗಳನ್ನು) ಮೊದಲೇ ನಿಲ್ಲಿಸಿ. ಇನ್ನೊಂದು ಕಡೆ ಟೈಮ್-ಟರ್ಮ್‌ನ 2.9 ಸ್ವಲ್ಪ ಹೆಚ್ಚೇ ಇದೆ. ಅದರ ಬಹುಪಾಲು ಹತ್ತಿರದ ಜಿಯೋಫೋನುಗಳಿಂದ ಬಂದಿರಬೇಕೆಂದು ನನ್ನ ಅನುಮಾನ.

14 ಮೀಟರ್ ಏಕೆ ಬಂತು ಎನ್ನುವುದು ಸುಲಭ. ನಯಗೊಳಿಸಿದ ಮಾದರಿ 1600ರಿಂದ 4200ಕ್ಕೆ ಒಮ್ಮೆಲೇ ಹಾರಲಾರದು. ಅದು ಗಡಿಯನ್ನು ಹಲವು ಮೀಟರ್ ಆಳಕ್ಕೆ ಹರಡುತ್ತದೆ. ನಿಜವಾದ ಗಡಿ ಆ ಹರಡುವಿಕೆಯ ನಡುವೆಲ್ಲೋ, 2500–3000ದ ಕಾಂಟೂರಿನ ಹತ್ತಿರ ಬೀಳುವುದು ಸಾಮಾನ್ಯ, 4000ದ ಹತ್ತಿರ ಅಲ್ಲ. ನಿಮ್ಮ ಮೊದಲ ಬೋರ್‌ಹೋಲಿನ 11.5 ಮೀಟರಿನಲ್ಲಿ ಯಾವ ವೇಗದ ಕಾಂಟೂರ್ ಹಾದಿದೆ ಎಂದು ನೋಡಿ, ಆ ಕಾಂಟೂರನ್ನು ಸಾಲಿನುದ್ದಕ್ಕೂ ಅನುಸರಿಸಿ. ನಾನು ಪೈಜಿಮ್ಲಿ ಬಳಸುತ್ತೇನೆ; ಉಚಿತ, ಪೈಥಾನ್ ಬಲ್ಲವರಿಗೆ ಕಷ್ಟವಿಲ್ಲ. ಅದರಲ್ಲಿ ಆರಂಭದ ಮಾದರಿಯ ಮೇಲಿನ ವೇಗ, ತಳದ ವೇಗ, ನಯಗೊಳಿಸುವ ತೂಕ, ಲಂಬ ದಿಕ್ಕಿನ ತೂಕ ಇವುಗಳನ್ನು ನೀವೇ ಕೊಡಬಹುದು. ಲಂಬ ತೂಕ ತಗ್ಗಿಸಿದರೆ ಮಾದರಿ ಅಡ್ಡ ಪದರಗಳತ್ತ ಒಲಿಯುತ್ತದೆ. ಯಾವ ಸಾಫ್ಟ್‌ವೇರಾದರೂ ಸರಿ, ಆರಂಭದ ಮಾದರಿಯನ್ನು ನಾಲ್ಕಾರು ಬಗೆಯಲ್ಲಿ ಬದಲಿಸಿ ಓಡಿಸಿ, ಎಲ್ಲದರಲ್ಲೂ ಉಳಿಯುವುದನ್ನು ಮಾತ್ರ ನಂಬಿ. ಕಿರಣಗಳು ಹಾಯದ ಭಾಗವನ್ನು, ಮುಖ್ಯವಾಗಿ ಚಿತ್ರದ ಎರಡು ಕೆಳಮೂಲೆಗಳನ್ನು, ವರದಿಯಲ್ಲಿ ಮುಚ್ಚಿಬಿಡಿ. ಅಲ್ಲಿರುವ ಬಣ್ಣ ನೀವು ಕೊಟ್ಟ ಆರಂಭದ ಮಾದರಿಯದೇ.

ಅಂದಹಾಗೆ, ಪಂಪ್‌ಸೆಟ್ ಮತ್ತು ವಿದ್ಯುತ್ ತಂತಿಗಳ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ತೆಗೆಯಲು ನಾಚ್ ಫಿಲ್ಟರ್ ಹಾಕಿದ್ದೀರಾ? ಸುತ್ತಿಗೆಯ ಅಲೆಯ ಶಕ್ತಿಯೂ ಅದೇ ಆವರ್ತನಗಳಲ್ಲಿ ಇರುವುದರಿಂದ ಫಿಲ್ಟರ್ ಹಾಕಿದ ಮೇಲೆ ಫಸ್ಟ್ ಬ್ರೇಕ್ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಪಿಕ್ ಮಾಡುವುದು ಫಿಲ್ಟರ್ ಇಲ್ಲದ ರೆಕಾರ್ಡಿನಲ್ಲೇ ಆಗಲಿ.


ಎರೆಹೊಲ (ಕೊಪ್ಪಳ)

ಇಬ್ಬರಿಗೂ ಧನ್ಯವಾದಗಳು, ಸರ್. ಫಿಲ್ಟರ್ ಹಾಕಿರಲಿಲ್ಲ, ಪಂಪ್‌ಸೆಟ್‌ಗಳಿಗೆ ಕರೆಂಟ್ ಇಲ್ಲದ ಹೊತ್ತಿನಲ್ಲೇ ಹೊಡೆದಿದ್ದೆವು.

ನೀವು ಹೇಳಿದ ಕಳೆಯುವ ಲೆಕ್ಕ ಮಾಡಿದೆ. ತುದಿಯ ಶಾಟಿನಿಂದ 25 ಮೀಟರ್ ದಾಟಿದ ಮೇಲೆ ವ್ಯತ್ಯಾಸ 6.5ರಿಂದ 7.5 ಮಿಲಿಸೆಕೆಂಡಿನೊಳಗೆ ಉಳಿಯುತ್ತದೆ, ದೂರಕ್ಕೆ ಹೋದಂತೆ ಕುಗ್ಗುವ ಲಕ್ಷಣವಿಲ್ಲ. ಎದುರು ದಿಕ್ಕಿನಲ್ಲೂ ಹಾಗೆಯೇ. ಎರಡು ತುದಿಗಳ ನಡುವಿನ ಸಮಯದ ಅಂತರ 1.75 ಮಿಲಿಸೆಕೆಂಡು. 1 ಮೀಟರ್ ಅಂತರದ ಚಿಕ್ಕ ಸಾಲಿನಲ್ಲಿ ಮೊದಲ ಆರು ಜಿಯೋಫೋನುಗಳು ಒಂದೇ ಗೆರೆಯ ಮೇಲೆ ಬಿದ್ದು 400 ಮೀಟರ್ ವೇಗ ಕೊಟ್ಟವು, ಏಳನೆಯದರಿಂದ ಗೆರೆ ಬಾಗಿತು. ಪಕ್ಕದ ಹೊಲದ ಬಾವಿಯಲ್ಲಿ ನೀರು 2.6 ಮೀಟರಿನಲ್ಲಿದೆ.

ಆ ವೇಗವನ್ನು ಇಟ್ಟು ಮತ್ತೆ ಟೈಮ್-ಟರ್ಮ್ ನಡೆಸಿದಾಗ ಆರ್‌ಎಂಎಸ್ 1.9ಕ್ಕೆ ಇಳಿಯಿತು, ಬಂಡೆಯ ಆಳ ಮೊದಲ ಬೋರ್‌ಹೋಲಿನ ಬಳಿ 9.7 ಬಂತು. ಟೊಮೊಗ್ರಫಿಯನ್ನು ಬೇಗ ನಿಲ್ಲಿಸಿ ನೋಡಿದರೆ 11.5 ಮೀಟರಿನಲ್ಲಿ ಹಾಯುವುದು 2900ರ ಕಾಂಟೂರ್. ಎರಡನೆಯ ಬೋರ್‌ಹೋಲನ್ನು ಮುಂದುವರಿಸಲು ಕೇಳಿಕೊಂಡೆವು. ಮೊದಲು ಗೊಣಗಿದರೂ ಕೊರೆದರು. 8 ಮೀಟರಿಗೆ ಕಲ್ಲು ಮುಗಿದು ಮತ್ತೆ ಗರಸು ಬಂತು, ಗಟ್ಟಿ ಬಂಡೆ ಸಿಕ್ಕಿದ್ದು 12 ಮೀಟರಿನಲ್ಲಿ.

ಉಳಿದ ಪ್ರಶ್ನೆ ಇದು: ಎರಡು ಬೋರ್‌ಹೋಲುಗಳ ನಡುವಿನ ಪಿಯರ್ (ಸೇತುವೆಯ ಕಂಬ) ಜಾಗದಲ್ಲಿ ಕೊರೆದಿಲ್ಲ. ಅಲ್ಲಿ ಟೈಮ್-ಟರ್ಮ್ 10.1 ಮೀಟರ್ ಕೊಡುತ್ತದೆ. ಏನು ಬರೆಯಲಿ?


ಹಗರಿ ದಂಡೆ (ಬಳ್ಳಾರಿ)

ಗೆರೆಗಳು ಸಮಾಂತರವಾಗಿವೆ, ಆದ್ದರಿಂದ ಪದರಗಳ ಮಾದರಿಯಲ್ಲೇ ಮುಂದುವರಿಯಿರಿ. ಒಂದೇ ಅಂಕಿ ಬರೆಯಬೇಡಿ. ಎರಡು ಮಿತಿಗಳನ್ನು ಬರೆಯಿರಿ, ಅವು ಎಲ್ಲಿಂದ ಬಂದವು ಎಂಬುದನ್ನೂ ಬರೆಯಿರಿ. ಕೊಳೆತ ಶಿಲೆ ಇಲ್ಲವೇ ಇಲ್ಲ ಎಂದುಕೊಂಡರೆ 10.1, ಅದು ಅಡಗಿ ಉಳಿಯಬಲ್ಲಷ್ಟು ಗರಿಷ್ಠ ದಪ್ಪವಿದೆ ಎಂದುಕೊಂಡರೆ ಸುಮಾರು 12 ಮೀಟರ್. ಎರಡೂ ಬೋರ್‌ಹೋಲುಗಳಲ್ಲಿ ಬಂಡೆ ಲೆಕ್ಕಕ್ಕಿಂತ ಕೆಳಗೇ ಸಿಕ್ಕಿರುವುದರಿಂದ ನಾನಾದರೆ ಹೆಚ್ಚು ಆಳದ ಮಿತಿಗೆ, ಅಂದರೆ 12ಕ್ಕೆ, ಒತ್ತು ಕೊಡುತ್ತೇನೆ. ಪಿಕಿಂಗಿನ ಅನಿಶ್ಚಯ ಇದಕ್ಕೆ ಇನ್ನೂ ಅರ್ಧ ಮೀಟರಿನಿಂದ ಒಂದು ಮೀಟರ್ ಸೇರಿಸುತ್ತದೆ. ಭಾರತೀಯ ಮಾನಕದಲ್ಲಿ ರಿಫ್ರ್ಯಾಕ್ಷನ್ ವಿಧಾನಕ್ಕೆಂದೇ ಐಎಸ್ 15681 ಇದೆ. ವಿಧಾನದ ಮಿತಿಗಳನ್ನು ಬರೆಯುವಾಗ ಅದನ್ನು ಉಲ್ಲೇಖಿಸಿದರೆ ಕಚೇರಿಯಲ್ಲಿ ತಕರಾರು ಕಡಿಮೆ.


ಮೂರನೇ ಪಿಯರ್ (ಸಿಂಧನೂರು)

ನಾನು ಭೂಭೌತದವನಲ್ಲ, ಇಂಥ ವರದಿಗಳನ್ನು ಓದಿ ಬುನಾದಿಯ ಮಟ್ಟ ನಿಗದಿ ಮಾಡುವ ಕಡೆಯವನು. ಒಂದೇ ಅಂಕಿ ಕೇಳುವುದು ನಮ್ಮ ಹಟವಲ್ಲ; ಅಗೆತದ ಮೊತ್ತಕ್ಕೆ ಅಂದಾಜು ಪಟ್ಟಿಯಲ್ಲಿ ಒಂದು ಸಂಖ್ಯೆ ಬೇಕಾಗುತ್ತದೆ. ನೀವು ಎರಡು ಮಿತಿ ಕೊಟ್ಟರೆ ನಾವು ಹೆಚ್ಚು ಆಳದ್ದನ್ನು ಅಂದಾಜಿಗೆ ಹಿಡಿಯುತ್ತೇವೆ, ಕಡಿಮೆ ಆಳದ್ದರಿಂದ ಅಗೆಯುವಾಗ ಎಚ್ಚರವಾಗಿರುತ್ತೇವೆ. ಆದರೆ ದಯವಿಟ್ಟು ಆಳವನ್ನು ‘ನೆಲಮಟ್ಟದಿಂದ’ ಎಂದು ಮಾತ್ರ ಬರೆಯಬೇಡಿ. ಹಳ್ಳದ ದಂಡೆಗೂ ಪಾತ್ರಕ್ಕೂ ಎರಡು ಮೂರು ಮೀಟರ್ ವ್ಯತ್ಯಾಸವಿರುತ್ತದೆ, ಗದ್ದೆಯವರು ಬದು ಸರಿಸಿದರೆ ಆ ನೆಲಮಟ್ಟವೂ ಉಳಿಯುವುದಿಲ್ಲ. ಪ್ರತಿ ಜಿಯೋಫೋನಿನ ಆರ್‌ಎಲ್ (ಸ್ಥಿರ ಗುರುತೊಂದಕ್ಕೆ ಹೋಲಿಸಿದ ಎತ್ತರ) ಲೆವೆಲಿಂಗ್ ಮಾಡಿಸಿ, ಬಂಡೆಯ ಮೇಲ್ಮೈಯನ್ನು ಆರ್‌ಎಲ್‌ನಲ್ಲೇ ಕೊಡಿ. ಪಿಯರ್ ಜಾಗದಲ್ಲಿ ಗುಂಡು ಇರುವ ಸಾಧ್ಯತೆಯನ್ನೂ ಒಂದು ಸಾಲಿನಲ್ಲಿ ಬರೆದರೆ, ಅಲ್ಲಿ ಇನ್ನೊಂದು ಬೋರ್‌ಹೋಲಿಗೆ ಮಂಜೂರಾತಿ ಪಡೆಯಲು ನಮಗೆ ಆಧಾರವಾಗುತ್ತದೆ.


ಎರೆಹೊಲ (ಕೊಪ್ಪಳ)

ಆರ್‌ಎಲ್ ವಿಷಯ ಒಪ್ಪಿದೆ, ಸರ್. ಲೆವೆಲಿಂಗ್ ಆಗಿದೆ, ವರದಿಯಲ್ಲಿ ಹಾಗೆಯೇ ಕೊಡುತ್ತೇನೆ. ಕೊನೆಯದಾಗಿ ಒಂದು: ನೀರು ತುಂಬಿದ ಗರಸನ್ನೂ ಕೊಳೆತ ಶಿಲೆಯನ್ನೂ ಬೇರೆ ಮಾಡಲು ಶಿಯರ್ ಅಲೆ (ನೆಲವನ್ನು ಅಡ್ಡಡ್ಡ ಅಲುಗಿಸುತ್ತ ಸಾಗುವ ಅಲೆ) ನೋಡಿ ಎಂದು ಒಬ್ಬರು ಹೇಳಿದರು. ಅದರ ವೇಗ ತಿಳಿಯಲು ಈಗಿರುವ ರೆಕಾರ್ಡುಗಳಿಂದಲೇ ಮೇಲ್ಮೈ ಅಲೆಗಳ ವಿಶ್ಲೇಷಣೆ ಮಾಡಬಹುದೇ?


ಮಸ್ಕಿ ಗುಡ್ಡ (ರಾಯಚೂರು)

ಸಲಹೆ ಒಳ್ಳೆಯದು. ಶಿಯರ್ ಅಲೆ ನೀರಿನಲ್ಲಿ ಹರಿಯದ ಕಾರಣ ನೀರಿನ ಮಟ್ಟ ಅದಕ್ಕೆ ಗಡಿಯಾಗಿ ಕಾಣುವುದಿಲ್ಲ. ಪಿ-ಅಲೆ 1600 ಇರುವಲ್ಲಿ ಶಿಯರ್ 250 ಬಂದರೆ ಪಾಯ್ಸನ್ ಅನುಪಾತ (ಒತ್ತಿದಾಗ ವಸ್ತು ಪಕ್ಕಕ್ಕೆ ಉಬ್ಬುವ ಪ್ರಮಾಣ) 0.49ರ ಹತ್ತಿರ ಆಗುತ್ತದೆ, ಅಂದರೆ ನೀರು ತುಂಬಿದ ಸಡಿಲ ಗರಸು; ಶಿಯರ್ 800 ಬಂದರೆ ಅನುಪಾತ 0.33, ಅದು ಶಿಲೆಯೇ.

ಆದರೆ ಈಗಿರುವ ರೆಕಾರ್ಡುಗಳಿಂದ ಆಗುವುದಿಲ್ಲ. ಮೇಲ್ಮೈ ಅಲೆ ಸೆಕೆಂಡಿಗೆ 200 ಮೀಟರಿನಂತೆ ಹರಿದರೆ 115 ಮೀಟರ್ ದಾಟಲು 0.57 ಸೆಕೆಂಡು ಬೇಕು. ನಿಮ್ಮ ರೆಕಾರ್ಡ್ 0.25ಕ್ಕೇ ನಿಂತಿದೆ, ಅಂದರೆ ಸಾಲಿನ ಅರ್ಧಕ್ಕೂ ಅಲೆ ತಲುಪುವ ಮೊದಲೇ. 14 ಹರ್ಟ್ಸ್ ಜಿಯೋಫೋನು ತನ್ನ ಸ್ವಾಭಾವಿಕ ಆವರ್ತನಕ್ಕಿಂತ ಕೆಳಗೆ ಕ್ಷೀಣವಾಗಿ ಸ್ಪಂದಿಸುತ್ತದೆ, 10 ಮೀಟರ್ ಆಳದ ಮಾಹಿತಿ ಇರುವುದು ಆ ಕೆಳಗಿನ ಆವರ್ತನಗಳಲ್ಲೇ. 4.5 ಹರ್ಟ್ಸ್ ಜಿಯೋಫೋನುಗಳನ್ನು ಬಾಡಿಗೆಗೆ ತಂದು 2 ಮೀಟರ್ ಅಂತರದಲ್ಲಿ ಹೂತು, ಶಾಟನ್ನು ಸಾಲಿನ ತುದಿಯಿಂದ 10 ಮೀಟರ್ ಆಚೆ ಇಟ್ಟು, ರೆಕಾರ್ಡ್ ಉದ್ದವನ್ನು 1 ಸೆಕೆಂಡಿಗೆ ಏರಿಸಿ. ಸಾಲಿನ ನಡುಭಾಗವನ್ನು ಆ ಪಿಯರ್ ಜಾಗದ ಮೇಲೆಯೇ ಬರುವಂತೆ ಇಡಿ; ಈ ವಿಧಾನ ಕೊಡುವ ವೇಗ ಸಾಲಿನ ಮಧ್ಯಬಿಂದುವಿನ ಕೆಳಗಿನದು ಎಂದೇ ಲೆಕ್ಕ.